9 ಮೀಟರ್ ಓಣಿಗೆ ಗೋಡೆಯಿಂದ ಗೋಡೆಗೆ ಸಿಸಿ ಬರ್ತದ: ನೆರಳಿಗೆ ಜಾಗ ಎಲ್ಲಿ ಬಿಡಿಸಬೇಕು?

ಬ್ರಹ್ಮಪುರ_ಓಣಿ

ಕಲಬುರಗಿಯ ಹಳೇ ಭಾಗದ ಒಂದು ಓಣಿ. ಗೋಡೆಯಿಂದ ಗೋಡೆಗೆ 9 ಮೀಟರ್, ಉದ್ದ 240 ಮೀಟರ್, ದಿಕ್ಕು ಪೂರ್ವ–ಪಶ್ಚಿಮ. ಎರಡೂ ಕಡೆ ಎರಡಂತಸ್ತಿನ ಮನೆಗಳು, ಸುಮಾರು 6 ಮೀಟರ್ ಎತ್ತರ, ಬಾಗಿಲು ನೇರ ಓಣಿಗೇ. ಎರಡೂ ಬದಿ ಗಟಾರ, ಹೊರ ಅಳತೆ 75 ಸೆಂಮೀ. ಉತ್ತರದ ಬದಿಗೆ ಎಲ್‌ಟಿ (ಕಡಿಮೆ ವೋಲ್ಟೇಜಿನ) ವಿದ್ಯುತ್ ಕಂಬ, ತೆರೆದ ತಂತಿ. ಮಣ್ಣು ಎರಿ (ಕಪ್ಪು ಮಣ್ಣು).

ಈಗಿನ ಎಸ್ಟಿಮೇಟ್‌ನಾಗ ಇರೋದು ಇಷ್ಟೇ: ಗಟಾರದಿಂದ ಗಟಾರದ ತನಕ 150 ಮಿಮೀ ಸಿಸಿ (ಸಿಮೆಂಟ್ ಕಾಂಕ್ರೀಟ್). ಫುಟ್‌ಪಾತ್ ಇಲ್ಲ, ಗಿಡಕ್ಕ ಒಂದು ತಗ್ಗೂ ಇಲ್ಲ. ಟೆಂಡರ್ ಇನ್ನೂ ಕರೆದಿಲ್ಲ, ತಿದ್ದಲಿಕ್ಕೆ ಅವಕಾಶ ಅದ. ಮೇ ತಿಂಗಳ ಮಧ್ಯಾಹ್ನ ಒಬ್ಬ ವಯಸ್ಸಾದ ಹೆಣ್ಣುಮಗಳು ಈ ತುದಿಯಿಂದ ಆ ತುದಿಗೆ ನೆರಳಿನಾಗೇ ನಡೆದು ಹೋಗಬೇಕಂದ್ರ ಏನೇನು ಬರೆಸಬೇಕು? "ಹಸಿರು ಬೆಳೆಸಿ" ಅನ್ನೋ ಮಾತು ಬ್ಯಾಡ್ರಿ. ಅಳತಿ ಹೇಳ್ರಿ.

ನಕ್ಷೆಗಾರ

ಮೊದಲು ಸೂರ್ಯನ ಲೆಕ್ಕ, ಆಮೇಲೆ ಸಿಮೆಂಟಿನದು.

ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 9ರ ಆಸುಪಾಸಿಗೆ, ಗಡಿಯಾರದಲ್ಲಿ ಸುಮಾರು 12:20ಕ್ಕೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಯಾದಗಿರಿಯಲ್ಲಿ ಒಂದೆರಡು ದಿನ ಮುಂಚೆ, ಬೀದರಿನಲ್ಲಿ ಒಂದೆರಡು ದಿನ ತಡ. ಅಂದರೆ ಬಿಸಿಲು ಉಗ್ರವಾಗಿರುವ ದಿನಗಳಲ್ಲೇ ನಡುಮಧ್ಯಾಹ್ನ ಗೋಡೆಗೆ ನೆರಳೇ ಇರುವುದಿಲ್ಲ. ಏಪ್ರಿಲ್–ಮೇಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ 1:30. ಜನ ಮನೆ ಕಡೆ ಹೊರಡುವುದು 1:30ಕ್ಕೆ. ಆಗ ಸೂರ್ಯ ನೆಲದಿಂದ 73 ಡಿಗ್ರಿ ಎತ್ತರದಲ್ಲಿರುತ್ತಾನೆ. 6 ಮೀಟರ್ ಮನೆಯ ನೆರಳು 1.8 ಮೀಟರ್ ಮಾತ್ರ, ಅದೂ ಪೂರ್ವದ ಕಡೆಗೆ.

ಇಲ್ಲಿಯೇ ಓಣಿಯ ದಿಕ್ಕು ಲೆಕ್ಕಕ್ಕೆ ಬರುತ್ತದೆ. ಉತ್ತರ–ದಕ್ಷಿಣ ಓಣಿಯಾದರೆ ಆ 1.8 ಮೀಟರ್ ನೆರಳು ಪಶ್ಚಿಮದ ಸಾಲಿನ ಮನೆಗಳ ಮುಂದೆ, ಸರಿಯಾಗಿ ಫುಟ್‌ಪಾತ್ ಮೇಲೆ ಬೀಳುತ್ತದೆ. 4 ಗಂಟೆಗೆ ಅದೇ ನೆರಳು 7.8 ಮೀಟರ್ ಆಗಿ ಓಣಿಯನ್ನು ಬಹುಪಾಲು ಮುಚ್ಚುತ್ತದೆ. ಅಂಥ ಓಣಿಯಲ್ಲಿ ಗಿಡ ಬೇಕಾಗುವುದು ಪೂರ್ವದ ಬದಿಗೆ, ಏಕೆಂದರೆ ಇಳಿಹೊತ್ತಿನ ಬಿಸಿಲು ಹೊಡೆಯುವುದು ಅಲ್ಲಿಗೆ. ನಿಮ್ಮದು ಪೂರ್ವ–ಪಶ್ಚಿಮ. ನೆರಳು ಓಣಿಯ ಉದ್ದಕ್ಕೇ ಜಾರುತ್ತದೆ, ಅಡ್ಡಕ್ಕೆ ಬೀಳುವುದಿಲ್ಲ. 4 ಗಂಟೆಗೂ ಉತ್ತರದ ಮನೆಗಳಿಂದ ಸಿಗುವುದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮನೆಗಳನ್ನು ನಂಬಿ ಕೂರುವಂತಿಲ್ಲ. ನಿಮ್ಮ ಓಣಿಗೆ ನೆರಳು ಬರುವುದಿದ್ದರೆ ತಲೆಯ ಮೇಲಿನಿಂದಲೇ.

ಅಗಲದ ಹಂಚಿಕೆ, ದಕ್ಷಿಣದಿಂದ ಉತ್ತರಕ್ಕೆ: ಫುಟ್‌ಪಾತ್ 1.8 (ಗಟಾರದ ಮುಚ್ಚಳ 0.75 ಸೇರಿ), ಗಾಡಿ ದಾರಿ 4.2, ಗಿಡದ ಪಟ್ಟಿ 1.2, ಫುಟ್‌ಪಾತ್ 1.8 (ಇಲ್ಲಿಯೂ ಗಟಾರ ಸೇರಿ). ಒಟ್ಟು 9. ಐಆರ್‌ಸಿ 103ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ) ಪ್ರಕಾರ ಅಡೆತಡೆ ಇಲ್ಲದ ನಡಿಗೆಯ ಅಗಲ ಕನಿಷ್ಠ 1.8 ಮೀಟರ್, ತಲೆ ಮೇಲಿನ ಖಾಲಿ ಜಾಗ 2.2 ಮೀಟರ್, ಕರ್ಬ್ 150 ಮಿಮೀಗಿಂತ ಎತ್ತರ ಇರಬಾರದು. ಈ ಮೂರು ಸಂಖ್ಯೆಗಳನ್ನು ಮನವಿಯಲ್ಲೇ ಬರೆಯಿರಿ.

ಗಿಡದ ಪಟ್ಟಿ ಉತ್ತರಕ್ಕೇ ಯಾಕೆಂದರೆ, ವರ್ಷದ ಬಹುಭಾಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಗಿಡದ ನೆರಳು ಉತ್ತರದ ಫುಟ್‌ಪಾತ್ ಮೇಲೆ ಬೀಳುತ್ತದೆ. ಮೇ ತಿಂಗಳಲ್ಲಿ ಕೊಂಬೆಯ ಹರವು 3 ಮೀಟರ್ ಇದ್ದರೆ ಹೇಗೂ ನೇರ ಕೆಳಗೆ ಬಿದ್ದೇ ಬೀಳುತ್ತದೆ.

ಸಿಸಿ_ಕಾಮಗಾರಿ

4.2 ಮೀಟರ್ ಒಳಗ ಎರಡು ಆಟೋ ಆರಾಮಾಗಿ ದಾಟ್ತಾವ (1.4 + 1.4). ಕಾರು, ಆಟೋ ಎದುರಾದ್ರ ನಿಧಾನ ಮಾಡ್ಬೇಕು, ಆ ನಿಧಾನಾನೇ ಬೇಕಾಗಿರೋದು. ಆದ್ರ ಒಂದು ಕಾರು ಬದಿಗೆ ನಿಂತ್ರ ಉಳಿಯೋದು 2.4 ಮೀಟರ್. ಅಗ್ನಿಶಾಮಕ ಗಾಡಿ ಒಳಗ ಬರಂಗಿಲ್ಲ. ಇದನ್ನ ಮುಚ್ಚಿಟ್ಟು ನಕ್ಷೆ ತೋರಿಸಿದ್ರ ಮೊದಲ ಸಭೆಯೊಳಗೇ ಮಂದಿ ಎದ್ದು ನಿಲ್ತಾರ. ಕಾರು ನಿಲ್ಲಿಸಲಿಕ್ಕೆ ಈ ಓಣಿಯೊಳಗ ಜಾಗ ಇಲ್ಲಂತ ಮೊದಲೇ ಹೇಳಿಬಿಡ್ರಿ.

ಬೈಕಿಗೆ ಜಾಗ ಅದ. ಗಿಡದಿಂದ ಗಿಡಕ್ಕ 6 ಮೀಟರ್ ಇಟ್ಟು ತಗ್ಗಿನ ಬಾಯಿ 1.5 ಮೀಟರ್ ಬಿಟ್ರ ನಡುವ 4.5 ಮೀಟರ್ ಉಳೀತದ. ಎರಡು ಬೈಕು ಒಂದರ ಹಿಂದ ಒಂದು ಉದ್ದಕ್ಕ ನಿಲ್ತಾವ.

ಈಗ ಗಟಾರದ ಮುಚ್ಚಳ. ಇಡೀ ಫುಟ್‌ಪಾತ್ ಕೆಡೋದು ಇಲ್ಲಿಂದ. 900×600 ಅಳತಿ, 150 ಮಿಮೀ ದಪ್ಪದ ಸ್ಲ್ಯಾಬ್ ಹಾಕ್ತಾರ. ಅದರ ತೂಕ 200 ಕೆಜಿ ದಾಟ್ತದ. ಹೂಳು ತೆಗೀಲಿಕ್ಕೆ ಬಂದವರು ಹಾರಿ ಹಾಕಿ ಮೀಟಿ ಎಬ್ಬಿಸ್ತಾರ, ಮೂಲಿ ಒಡೀತದ, ವಾಪಸ್ ಕೂಡಂಗಿಲ್ಲ. ಆಮೇಲೆ ಆ ತೆರೆದ ಕಂಡಿಯೊಳಗ ರಾತ್ರಿ ಯಾರಾದರೂ ಕಾಲು ಹಾಕ್ತಾರ. 600×450 ಅಳತಿ, 100 ಮಿಮೀ ದಪ್ಪ ಬರೆಸ್ರಿ. ತೂಕ 67–68 ಕೆಜಿ, ಎರಡು ಆಳು ಎತ್ತಿ ಇಡ್ತಾರ. ಒಳಗಿನ ಗಟಾರ 450 ಇದ್ರ 600ರ ಬದಿ ಅಡ್ಡ ಬರ್ಲಿ, ಎರಡೂ ಗೋಡಿ ಮ್ಯಾಲ 75 ಮಿಮೀ ಕೂತ್ಕೋತದ. ಆ ಕೂಡೋ ಜಾಗಕ್ಕ ಗೋಡಿ ತಲಿಯೊಳಗ 100 ಮಿಮೀ ಆಳದ ಮೆಟ್ಟಿಲು ಕೆತ್ತಿಟ್ರ ಮುಚ್ಚಳ ಫುಟ್‌ಪಾತ್ ಮಟ್ಟಕ್ಕೇ ಬರ್ತದ, ಎಡವೋದು ತಪ್ಪತದ. ಎತ್ತೋ ಕೊಂಡಿ ಮ್ಯಾಲ ಎದ್ದು ನಿಲ್ಲಬಾರದು, ಕುಳಿಯೊಳಗ ಇರ್ಬೇಕು.

ಇನ್ನ ಗೇಟು. ಪ್ರತಿ ಮನಿ ಮುಂದ ಫುಟ್‌ಪಾತ್ ಇಳಿಸಿ ಏರಿಸಿದ್ರ ಅದು ಫುಟ್‌ಪಾತ್ ಅಲ್ಲ, ಒಂಟೆ ಬೆನ್ನು. ಫುಟ್‌ಪಾತ್ ಮಟ್ಟ ಒಂದೇ ಇರ್ಲಿ. ಗಾಡಿ ಏರೋ ಇಳಿಜಾರು ಗಿಡದ ಪಟ್ಟಿಯ 1.2 ಮೀಟರ್ ಒಳಗೇ ಮುಗೀಬೇಕು. 150 ಮಿಮೀ ಏರಿಕಿಗೆ 1.2 ಮೀಟರ್ ಅಂದ್ರ 1:8, ಬೈಕು ಕಾರಿಗೆ ಸಾಕು. ಗಾಲಿಕುರ್ಚಿಗೆ 1:12 ಬೇಕು, ಅದನ್ನ ಎರಡೂ ತುದಿಗೆ 1.8 ಮೀಟರ್ ಉದ್ದ ಮಾಡ್ರಿ.

ಗಿಡಗಂಟಿ

ನಕ್ಷೆಗಾರ ಸರ್ ಹೇಳಿದ್ದು ಖರೆ. ಆದ್ರ ಉತ್ತರದ ಬದಿಗೆ ತಂತಿ ಅದ ಅಂತ ಮ್ಯಾಲ ಬರ್ದದ್ದು ಓದಿದ್ರೇನು? ತೆರೆದ ತಂತಿ ಕೆಳಗ ಬೇವು ಹಚ್ಚಿದ್ರ ನಾಲ್ಕನೇ ವರ್ಷದಿಂದ ಪ್ರತಿ ಮಳಿಗಾಲಕ್ಕ ಮುಂಚೆ ನಡು ತಲಿ ಕಡೀತಾರ. ಇಂಗ್ಲಿಷಿನ ವಿ ಹಂಗ ಎರಡು ಕೊಂಬಿ ಉಳೀತಾವ, ನಡುವ ನೀರು ನಿಂತು ಕೊಳೀತದ, ಗಾಳಿಗೆ ಸೀಳತದ. ನೆರಳೂ ಹೋಯ್ತು, ಗಿಡಾನೂ ಹೋಯ್ತು.

ದಾರಿ ಎರಡು. ಒಂದು, ತೆರೆದ ತಂತಿ ಬದಲಿಗೆ ಎಬಿ ಕೇಬಲ್ ಕೇಳ್ರಿ, ಅಂದ್ರ ಮ್ಯಾಲ ಹೊದಿಕಿ ಇರೋ ಹೊಸೆದ ಕೇಬಲ್. ಕೊಂಬಿ ತಾಗಿದ್ರ ಲೈನ್ ಟ್ರಿಪ್ ಆಗಂಗಿಲ್ಲ, ಹಂಗಾಗಿ ಕಡಿಯೋದು ಭಾಳ ಕಡಿಮಿ ಆಗ್ತದ. 240 ಮೀಟರ್ ಅಂದ್ರ 30 ಮೀಟರಿಗೆ ಒಂದರಂತೆ 9 ಕಂಬದ ಕೆಲಸ. ಕಂಬಗಳನ್ನ ಗಿಡದ ಪಟ್ಟಿಯ ನೇರಕ್ಕ ತಂದ್ರ ಫುಟ್‌ಪಾತ್ ನಡುವಿನ ಕಂಬದ ಕಾಟಾನೂ ತಪ್ಪತದ. ಎರಡು, ಕೇಬಲ್ ಆಗೋದೇ ಇಲ್ಲ ಅಂದ್ರ ಹಂಚಿಕಿ ಕನ್ನಡಿಯೊಳಗಿನಂಗ ತಿರುವಿ, ಗಿಡದ ಪಟ್ಟಿ ದಕ್ಷಿಣದ ಫುಟ್‌ಪಾತಿನ ರಸ್ತೆ ಕಡೆ ಇಡ್ರಿ. ಚಳಿಗಾಲದಾಗ ಆ ಗಿಡದ ನೆರಳು ರಸ್ತೆ ಮ್ಯಾಲ ಬೀಳ್ತದ ಖರೆ. ಅದಕ್ಕೇನು, ಆ ದಿನಗಳೊಳಗ ದಕ್ಷಿಣದ ಫುಟ್‌ಪಾತಿಗೆ ಮನಿಗಳದೇ ನೆರಳು ಇರ್ತದ. ಮೇ ತಿಂಗಳಿಗೆ ಎರಡೂ ಸರಿಸಮ.

ನಕ್ಷೆಗಾರ

ಒಪ್ಪಿದೆ. ತಂತಿಯ ಮಾತು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕೇಬಲ್ ಬದಲಾಗದಿದ್ದರೆ ದಕ್ಷಿಣವೇ ಸರಿ.

ಬ್ರಹ್ಮಪುರ_ಓಣಿ

ಯಾವ ಗಿಡ ಅಂತಾನೂ ಹೇಳ್ರಿ ಅಣ್ಣಾ. ನರ್ಸರಿಯೊಳಗ ಏನು ಕೊಡ್ತಾರೋ ಅದನ್ನೇ ತಂದು ಹಚ್ಚೋದು ಆಗ್ಯದ.

ಗಿಡಗಂಟಿ

ಒಂದೇ ಪ್ರಶ್ನೆ ಕೇಳ್ಕೋರಿ: ಏಪ್ರಿಲ್ ಕಡೀ ವಾರಕ್ಕ ಮೈತುಂಬ ಎಲಿ ಇರ್ತದೋ ಇಲ್ಲೋ?

ಬೇವು ಶಿವರಾತ್ರಿ ಆಸುಪಾಸು ಎಲಿ ಉದುರಿಸಿ ಯುಗಾದಿಗೆ ಚಿಗುರ್ತದ. ಹುಲಗಲ (ದಕ್ಷಿಣದವರ ಹೊಂಗೆ) ಹೆಚ್ಚುಕಡಿಮಿ ಅದೇ ಲೆಕ್ಕ, ನೆರಳು ಇನ್ನೂ ದಟ್ಟ, ಎತ್ತರ ಕಡಿಮಿ. ಎರಡೂ ಪಾಸು. ಹುಣಸಿ ಪಾಸು, ಆದ್ರ ನಿಧಾನ, ಅಗಲ ಜಾಸ್ತಿ. ಓಣಿ ತುದಿಯ ಕಟ್ಟಿ ಹತ್ತರ ಒಂದು ಇರ್ಲಿ. ರೆಂಜೆ (ಬಕುಳ) ವರ್ಷಪೂರ್ತಿ ಹಸಿರು, ನಿಧಾನಕ್ಕ ಬೆಳೀತದ, ತಂತಿ ಕೆಳಗ ಹಚ್ಚಬಹುದಾದ ಒಳ್ಳೇ ಗಿಡ ಅದೇ. ಶಿರೀಷ (ಬಾಗಿ) ಬೇಸಿಗಿಯೊಳಗ ಬೋಳಾಗಿ ಒಣ ಕಾಯಿ ಅಲ್ಲಾಡಿಸ್ಕೋತ ನಿಲ್ತದ, ಫೇಲು. ತಬೂಬಿಯಾ ಹೂವಿನ ಫೋಟೋಕ್ಕ ಮಾತ್ರ. ಕಂಬದಂಗ ನೆಟ್ಟಗಿರೋ ಅಶೋಕದ ನೆರಳು ಅದರ ಬುಡಕ್ಕೇ ಸಾಲಂಗಿಲ್ಲ. ಗುಲ್‌ಮೊಹರ್ ನೆರಳು ಚಲೋ, ಆದ್ರ ಬೇರು ಮ್ಯಾಲೇ ಹರಡ್ತಾವ, ಮೇ ತಿಂಗಳ ಬಿರುಗಾಳಿಗೆ ಕೊಂಬಿ ಮುರಿದು ಬೀಳ್ತಾವ, ಮೈದಾನಕ್ಕಿರ್ಲಿ. ನೇರಳೆ ಹಣ್ಣು ಬಿದ್ದ ಫರಸಿ (ಹಾಸುಗಲ್ಲು) ಮ್ಯಾಲ ಮುದುಕರು ಜಾರ್ತಾರ. ಕೊನೊಕಾರ್ಪಸ್ ತರಲೇಬ್ಯಾಡ್ರಿ: ಗುಜರಾತ್ 2023ರೊಳಗ ಅದನ್ನ ನಿಷೇಧ ಮಾಡ್ಯದ, ಅದರ ಬೇರು ಪೈಪು ಗಟಾರ ಹುಡುಕ್ಕೋತ ಹೋಗ್ತಾವ.

ಎಲ್ಲಾ ಬೇವೇ ಹಚ್ಚಬ್ಯಾಡ್ರಿ. ಬೇವಿಗೆ ತುದಿ ಒಣಗೋ ರೋಗ ಬರ್ತದ, ಫೋಮಾಪ್ಸಿಸ್ ಅನ್ನೋ ಶಿಲೀಂಧ್ರದಿಂದ. ಮಳಿಗಾಲ ಮುಗಿಯೋ ಹೊತ್ತಿಗೆ ತಲಿ ಕೆಂಪಾಗಿ ಸುಟ್ಟಂಗ ಕಾಣಸ್ತದ. ಬಹಳಷ್ಟು ಮತ್ತ ಚಿಗುರ್ತಾವ, ಆದ್ರ ಇಡೀ ಸಾಲು ಒಂದೇ ಜಾತಿ ಇದ್ರ ಇಡೀ ಓಣಿ ಒಮ್ಮೇ ಬೋಳು. ಹುಲಗಲ ಅರ್ಧ, ಬೇವು ಮೂರರೊಳಗ ಒಂದು, ಉಳಿದದ್ದು ರೆಂಜೆ.

ಇನ್ನೊಂದು ಉಪಾಯ. ಎರಡು ಹುಲಗಲದ ನಡುವ ಒಂದೊಂದು ಗಸಗಸೆ ಹಣ್ಣಿನ ಗಿಡ (ಸಿಂಗಾಪುರ ಚೆರ್ರಿ) ಹಚ್ರಿ. ಎರಡೇ ವರ್ಷದಾಗ ಛತ್ರಿಯಂಗ ಬಿಚ್ಕೋತದ. ಹುಲಗಲ ನೆರಳು ಕೊಡಲಿಕ್ಕೆ ಐದಾರು ವರ್ಷ ಬೇಕು, ಅಲ್ಲೀ ತನಕ ಇದು ಕಾಯ್ತದ. ಐದನೇ ವರ್ಷ ತೆಗೀಬೇಕು. ತೆಗೆಯೋ ಮುಂದ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು, ವಿಚಾರಿಸಿಕೊಂಡೇ ಕೊಡ್ಲಿ ಹಾಕ್ರಿ.

ಎರಿಮಣ್ಣು

ತಗ್ಗಿನ ವಿಷಯ ಯಾರೂ ಹೇಳಲಿಲ್ಲ. ಎರಿ ಭೂಮಿಯಲ್ಲಿ ಗಿಡ ಸಾಯುವುದು ಬೇಸಿಗೆಯ ಬಾಯಾರಿಕೆಗಿಂತ ಹೆಚ್ಚಾಗಿ ಸೆಪ್ಟೆಂಬರ್ ಮಳೆಯಲ್ಲಿ ಮುಳುಗಿ.

ಒಂದು ಮೀಟರ್ ಘನದ ತಗ್ಗು ತೋಡಿ, ಎರಿ ಮಣ್ಣು ತೆಗೆದು ಹಾಕಿ, ಕೆಂಪು ಮಣ್ಣು, ಮರಳು, ಗೊಬ್ಬರ ತುಂಬುತ್ತಾರೆ. ಪುಸ್ತಕದ ಪ್ರಕಾರ ಸರಿ. ಆದರೆ ಸುತ್ತಲ ಎರಿ ಮಣ್ಣು ನೀರು ಕುಡಿದು ಉಬ್ಬಿದ ಮೇಲೆ ಹನಿ ನೀರನ್ನೂ ಒಳಗೆ ಬಿಡುವುದಿಲ್ಲ. ನೀವು ತುಂಬಿದ ಸಡಿಲ ಮಣ್ಣು ಸುತ್ತಲಿನ ನೀರನ್ನೆಲ್ಲ ಹೀರಿ ನೀರಿನ ತೊಟ್ಟಿಯ ಹಾಗೆ ನಿಲ್ಲುತ್ತದೆ. ಹತ್ತು ದಿನ ನಿಂತರೆ ಬೇರಿಗೆ ಉಸಿರಿಲ್ಲ. ಮೇಲೆ ಎಲೆ ಹಳದಿಯಾಗುತ್ತದೆ. ನೀರು ಕಡಿಮೆ ಆಯಿತೆಂದು ಜನ ಇನ್ನೆರಡು ಕೊಡ ಸುರಿಯುತ್ತಾರೆ.

ಹಾಗಾಗಿ: ತಗ್ಗಿನ ತಳದಿಂದ 150 ಮಿಮೀ ಅಗಲದ ಬೋರನ್ನು ಕೈ ಆಗರ್‌ನಿಂದ (ಕೈಯಿಂದ ತಿರುಗಿಸುವ ಬೈರಿಗೆ) ಮುರುಮು (ಎರಿಯ ಕೆಳಗಿನ ಗರಸು ಪದರ) ಸಿಗುವ ತನಕ ಇಳಿಸಿ ಜಲ್ಲಿ ತುಂಬಿ. ಮುರುಮು ಎಷ್ಟು ಆಳದಲ್ಲಿದೆ ಎಂಬುದು ಓಣಿಯಿಂದ ಓಣಿಗೆ ಬೇರೆ, ಪಕ್ಕದ ಮನೆಯ ಪಾಯ ತೋಡಿದ ಮೇಸ್ತ್ರಿಯನ್ನು ಕೇಳಿದರೆ ಸರಿಯಾಗಿ ಹೇಳುತ್ತಾನೆ. ತುಂಬುವ ಮಣ್ಣಿನಲ್ಲಿ ಅರ್ಧದಷ್ಟು ತೋಡಿದ ಎರಿ ಮಣ್ಣೇ ಇರಲಿ, ಕಾಲು ಭಾಗ ಮುರುಮು, ಕಾಲು ಭಾಗ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ. ಶುದ್ಧ ಮರಳು ಬೇಡ. ಗಿಡದ ಬುಡ ಸುತ್ತಲಿನ ನೆಲಕ್ಕಿಂತ 50 ಮಿಮೀ ಎತ್ತರ ಕೂರಲಿ.

ಇನ್ನು, ಬಿಡಿ ಬಿಡಿ ತಗ್ಗಿಗಿಂತ ಉದ್ದ ಕಾಲುವೆ ಮೇಲು. ಪಟ್ಟಿಯ ಉದ್ದಕ್ಕೂ 1 ಮೀಟರ್ ಅಗಲ, 0.9 ಮೀಟರ್ ಆಳ ತೋಡಿ ತುಂಬಿದರೆ 6 ಮೀಟರಿಗೆ ಒಂದು ಗಿಡದಂತೆ ಪ್ರತಿ ಗಿಡಕ್ಕೂ 5.4 ಘನ ಮೀಟರ್ ಮಣ್ಣು ಸಿಗುತ್ತದೆ. ಬಿಡಿ ತಗ್ಗಿನಲ್ಲಿ ಸಿಗುವುದು ಒಂದರಿಂದ ಒಂದೂವರೆ. ಬೈಕ್ ನಿಲ್ಲುವ ಜಾಗದಲ್ಲಿ ಮೇಲೆ ಪೇವರ್ ಹಾಕಬಹುದು, ಸಂದಿಗೆ ಸಿಮೆಂಟ್ ಬೇಡ, ಮರಳು. ಗಟಾರದ ಬದಿಗೆ ಬೇರು ಹೋಗದ ಹಾಗೆ 40 ಮಿಮೀ ಶಹಾಬಾದ್ ಕಲ್ಲನ್ನು 600 ಮಿಮೀ ಆಳಕ್ಕೆ ನೆಟ್ಟಗೆ ನಿಲ್ಲಿಸಿ. ಬೇರು ಗಟಾರವನ್ನು ಒಡೆಯುವುದಕ್ಕಿಂತ, ಮೊದಲೇ ಸೋರುತ್ತಿರುವ ಗಟಾರಕ್ಕೆ ನುಗ್ಗುವುದೇ ಹೆಚ್ಚು.

ಫರಸಿ_ಕಲ್ಲು

ಫುಟ್‌ಪಾತಿಗೆ ಬಣ್ಣದ ಪೇವರ್ ಯಾಕ್ರಿ? 25–30 ಕಿಲೋಮೀಟರ್ ದೂರದಾಗ ಶಹಾಬಾದ ಅದ.

ಆದ್ರ ಸರಿಯಾಗಿ ಬರೆಸ್ರಿ: 600×600, ದಪ್ಪ 40 ಮಿಮೀ, ಮ್ಯಾಲಿನ ಮುಖ ಖಣಿಯಿಂದ ಬಂದಂಗೇ ಒರಟು, ಪಾಲಿಶ್ ಇಲ್ಲ. ಪಾಲಿಶ್ ಮಾಡಿದ ಫರಸಿ ಮೊದಲ ಮಳಿಗೇ ಗಾಜಾಗ್ತದ. ಒಂದು ಕಲ್ಲಿನ ತೂಕ 37 ಕೆಜಿ ಸುಮಾರು, ನಾಳೆ ನೀರಿನ ಪೈಪಿಗೆ ತೆಗೀಬೇಕಾದ್ರೂ ಎತ್ತಿ ಇಡಬಹುದು. ಲೋಡ್ ಇಳಿದಾಗ ಒಂದೊಂದು ಕಲ್ಲನ್ನೂ ಅಂಚಿನ ಮ್ಯಾಲ ನಿಲ್ಲಿಸಿ ಸಣ್ಣ ಸುತ್ತಿಗಿಯಿಂದ ಬಡೀರಿ. ಠಣ್ ಅಂದ್ರ ಗಟ್ಟಿ. ಡಬ್ ಅಂತ ಸತ್ತ ದನಿ ಬಂದ್ರ ಒಳಗ ಪದರು ಬಿಟ್ಟದ. ಎರಡು ಬೇಸಿಗಿ ಆಗೋದ್ರೊಳಗ ಹಪ್ಪಳದಂಗ ಎದ್ದು ಬರ್ತದ, ಅದನ್ನ ವಾಪಸ್ ಹೇರ್ರಿ.

ಕೆಳಗಿನ ಕೆಲಸ ಇನ್ನೂ ಮುಖ್ಯ. ಎರಿ ಮ್ಯಾಲ ನೇರ ಹಾಸಿದ್ರ ಮಳಿಗಾಲಕ್ಕ ಉಬ್ಬಿ ಬೇಸಿಗಿಗೆ ಬಿರೀತದ, ಕಲ್ಲು ಹಲ್ಲಿನ ಸಾಲಿನಂಗ ಏರುಪೇರು. 450 ಮಿಮೀ ಎರಿ ತೆಗೀರಿ. 300 ಮಿಮೀ ಮುರುಮು, 150ರಂಗ ಎರಡು ಪದರು, ನೀರು ಹೊಡೆದು ಪ್ಲೇಟ್ ಕಂಪ್ಯಾಕ್ಟರ್ ಓಡಿಸ್ರಿ. ಒಮ್ಮೇ 300 ಸುರಿದು ಮ್ಯಾಲ ಓಡಿಸಿದ್ರ ಕೆಳಗಿನ ಅರ್ಧ ಸಡಿಲೇ ಉಳೀತದ. ಅದರ ಮ್ಯಾಲ 50 ಮಿಮೀ ಎಂ–ಸ್ಯಾಂಡ್, ಕಲ್ಲು, 8–10 ಮಿಮೀ ಸಂದಿ, ಸಂದಿಗೆ ಮರಳು. ಇಳಿಜಾರು 1:50, ಗಿಡದ ಪಟ್ಟಿ ಕಡೆ.

ತಂಪು_ರಸ್ತೆ

ಇಷ್ಟೆಲ್ಲ ಅಗೆಯೋ ಬದಲು ಸಿಸಿ ಮೇಲೆ ಬಿಳಿ ಪ್ರತಿಫಲನ ಬಣ್ಣ ಬಳಿದರೆ ಸಾಲದಾ? ಅಮೆರಿಕದ ಊರುಗಳಲ್ಲಿ ಮಾಡ್ತಿದ್ದಾರಲ್ಲ.

ನಕ್ಷೆಗಾರ

ಮಾಡಿದ್ದಾರೆ, ಅಳೆದೂ ನೋಡಿದ್ದಾರೆ. ಅರಿಜೋನಾದ ಫೀನಿಕ್ಸ್ ನಗರ 2020ರಲ್ಲಿ ಡಾಂಬರಿನ ಮೇಲೆ ತಿಳಿಬಣ್ಣದ ಲೇಪನ ಶುರು ಮಾಡಿತು. ಮಧ್ಯಾಹ್ನ ರಸ್ತೆಯ ಮೇಲ್ಮೈ ಸುಮಾರು 6 ಡಿಗ್ರಿ ಸೆಲ್ಸಿಯಸ್ ತಂಪಾಯಿತು. ಆದರೆ ಅದರ ಮೇಲೆ ನಡೆಯುವವರ ಮೈಗೆ ತಾಗುವ ವಿಕಿರಣದ ಶಾಖ ಸುಮಾರು 3 ಡಿಗ್ರಿಯಷ್ಟು ಹೆಚ್ಚಾಯಿತು. ನೆಲ ಹೀರದೆ ಬಿಟ್ಟ ಬಿಸಿಲು ಮೇಲೆ ಬಂದು ಮುಖಕ್ಕೇ ಹೊಡೆಯುತ್ತದೆ. ಅದೂ ಕಪ್ಪು ಡಾಂಬರಿಗೆ ಹೋಲಿಸಿದ ಮಾತು. ಸಿಸಿ ಮೊದಲೇ ತಿಳಿಬಣ್ಣ. ಅದರ ಮೇಲೆ ಬಣ್ಣ ಬಳಿದರೆ ಸಿಗುವ ಲಾಭ ಇನ್ನೂ ಕಡಿಮೆ, ಕಣ್ಣಿಗೆ ಹೊಡೆತ ಇನ್ನೂ ಜಾಸ್ತಿ.

ಬಿಳಿ ಬಳಿಯಬೇಕಾದ್ದು ಮಾಳಿಗೆಗೆ. ಅಲ್ಲಿಂದ ಪುಟಿದದ್ದು ಆಕಾಶಕ್ಕೆ ಹೋಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ತಂದಿದೆ.

ಗಿಡದ ಕೆಳಗೆ ಗಾಳಿಯ ಉಷ್ಣತೆ ಒಂದೆರಡು ಡಿಗ್ರಿ ಮಾತ್ರ ಕಡಿಮೆ ಇರುತ್ತದೆ. ನೆರಳಿಗೂ ಬಿಸಿಲಿಗೂ ಮೈಗೆ ತಿಳಿಯುವ ವ್ಯತ್ಯಾಸ ಬಹುಪಾಲು ವಿಕಿರಣದ್ದು. ಕಲಬುರಗಿ ಕೋಟೆಯ ಜಾಮಾ ಮಸೀದಿಗೆ (1367) ಮೇ ತಿಂಗಳಲ್ಲಿ ಹೋಗಿ ನೋಡಿ. ಬೇರೆಡೆ ಮಸೀದಿಯ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಅದನ್ನೂ ಗುಮ್ಮಟಗಳಿಂದ ಮುಚ್ಚಿದ್ದಾರೆ. ಕಾರಣ ಏನೇ ಇರಲಿ, ಹೊಸಿಲು ದಾಟಿದ ಕೂಡಲೇ ಮೈಗೆ ಗೊತ್ತಾಗುತ್ತದೆ.

ತಂಪು_ರಸ್ತೆ

ಸರಿ. ಹಾಗಾದರೆ ಮಂಜು ಸಿಂಪಡಿಸುವ ಪಂಪು? ನಮ್ಮದು ಒಣ ಹವೆ, ಕೆಲಸ ಮಾಡುತ್ತೆ.

ಸಿಸಿ_ಕಾಮಗಾರಿ

ಮಾಡ್ತದ. ಆದ್ರ ಗಡಸು ನೀರಿಗೆ ನಾಝಲ್ ತಿಂಗಳೊಳಗ ಕಟ್ಟಿಕೊಳ್ತಾವ. ಭೀಮಾ, ಬೆಣ್ಣೆತೊರಾ ನಂಬಿದ ಊರಿನಾಗ ಏಪ್ರಿಲ್ ಹೊತ್ತಿಗೆ ಕುಡಿಯೋ ನೀರಿಗೇ ಕೊಡ ಸಾಲಿನೊಳಗ ಇರ್ತಾವ. ಮುಂದಿನ ವಿಷಯಕ್ಕ ಹೋಗೋಣ.

ಬೀದರ್_ಬುರುಜು

ಬೀದರಿನವರು ಎರಿಮಣ್ಣು ಅವರ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಇಲ್ಲಿ ಕೆಳಗಿರುವುದು ಜಂಬಿಟ್ಟಿಗೆ. ಸಮಸ್ಯೆ ತಿರುಗು ಮುರುಗು: ನೀರು ನಿಲ್ಲುವುದಿಲ್ಲ, ಹಾಕಿದ್ದು ಹಾಕಿದಂತೆ ಇಳಿದುಹೋಗುತ್ತದೆ. ಬೋರು, ಜಲ್ಲಿ ಬೇಡ. ತುಂಬುವ ಮಣ್ಣಿಗೆ ಮೂರರಲ್ಲೊಂದು ಭಾಗ ಕೆರೆ ಹೂಳು ಸೇರಿಸಿ. ಮೇಲಿನ ಗಟ್ಟಿ ಪದರವನ್ನು ಗುದ್ದಲಿಯಿಂದ ತೋಡುವುದು ಆಗುವ ಮಾತಲ್ಲ, ಬ್ರೇಕರ್ ಬಾಡಿಗೆಯನ್ನು ಎಸ್ಟಿಮೇಟ್‌ನಲ್ಲಿ ಬೇರೆ ಐಟಂ ಆಗಿ ಬರೆಸಿ. ಇಲ್ಲವಾದರೆ ಕೆಲಸದವರು ಒಂದಡಿ ತೋಡಿ ಗಿಡ ಊರಿ ಹೋಗುತ್ತಾರೆ, ಮುಂದಿನ ವರ್ಷ ಗಾಳಿಗೆ ಬೇರು ಸಮೇತ ಮಗ್ಗುಲಾಗುತ್ತದೆ. ನೌಬಾದಿನ ಕರೇಜ್ (ನೆಲದೊಳಗಿನ ನೀರಿನ ಸುರಂಗ) ತೋಡಿದವರು ಇದೇ ಕಲ್ಲನ್ನು ನೀರಿಗಾಗಿ ಕೊರೆದರು. ಒಂದು ಗಿಡಕ್ಕೆ ಒಂದು ಮೀಟರ್ ಕೊರೆಯಲು ನಮಗೆ ಇಷ್ಟು ಬೇಸರ.

ಚೌಬಾರಾ (ಹಳೇ ಬೀದರಿನ ಕಾವಲು ಗೋಪುರ) ಸುತ್ತಲಿನ 4–5 ಮೀಟರ್ ಗಲ್ಲಿಗಳಲ್ಲಿ ಗಿಡಕ್ಕೆ ಜಾಗವೇ ಇಲ್ಲ. ಅಲ್ಲಿ ಏನು ಮಾಡುವುದು?

ಯಾದಗಿರಿ_ಬಿಸಿಲು

ಅಂಥಲ್ಲಿ ಬಟ್ಟೆ. ಯಾದಗಿರಿ ಸ್ಟೇಷನ್ ರೋಡಿನಂಥ ಅಂಗಡಿ ಸಾಲಿಗೂ ಇದೇ ಉಪಾಯ ಆಗ್ತದ.

ಕೃಷಿ ಅಂಗಡಿಯೊಳಗ ಸಿಗೋ ಶೇಡ್ ನೆಟ್ಟೇ ಸಾಕು, 75 ಪರ್ಸೆಂಟಿಂದು. 90ರದು ಗಾಳಿ ಹಿಡೀತದ, 50ರದು ಬಿಸಿಲು ಬಿಡ್ತದ. ತಪ್ಪು ಎಲ್ಲಿ ಆಗ್ತದಂದ್ರ, ಇಡೀ ಗಲ್ಲಿಗೆ ಒಂದೇ ಹಾಸಿಗಿ ಹಂಗ ಕಟ್ತಾರ. ಏಪ್ರಿಲ್ ಕಡೀಕ ಸಂಜಿ ಮುಂದ ಧೂಳು ಗಾಳಿ ಬಂತಂದ್ರ ಅದು ಹಡಗಿನ ಪಟ ಆಗಿ ಕೊಂಡಿ, ಪ್ಯಾರಾಪೆಟ್ ಎರಡೂ ಕಿತ್ಕೊಂಡು ಹೋಗ್ತದ. 2 ಮೀಟರ್ ಅಗಲದ ಪಟ್ಟಿ ಮಾಡ್ರಿ, ಪಟ್ಟಿ ಪಟ್ಟಿ ನಡುವ 300 ಮಿಮೀ ಕಂಡಿ. ಅಂಚು ಎರಡು ಮಡಿಕಿ ಮಾಡಿ ಹೊಲಿದು ಅದರೊಳಗ ವೈರ್ ರೋಪ್ ಹಾಯಿಸ್ರಿ. ನೆಟ್ಟಿಗೇ ತೂತು ಮಾಡಿ ದಾರ ಕಟ್ಟಿದ್ರ ಅಲ್ಲಿಂದಲೇ ಹರಕೋತ ಹೋಗ್ತದ. ಒಂದು ಬದಿ ರೋಪು ಗಟ್ಟಿ ಇರ್ಲಿ, ಇನ್ನೊಂದು ಬದಿಗೆ ತೆಳು ನೈಲಾನ್ ಹಗ್ಗ: ಗಾಳಿ ಮಿತಿ ಮೀರಿದ್ರ ಹಗ್ಗ ಹರೀಬೇಕು, ಗೋಡಿ ಉಳೀಬೇಕು. ಜನ ಓಡಾಡೋ ಗಲ್ಲಿಗೆ 3.5 ಮೀಟರ್ ಎತ್ತರ, ಗಾಡಿ ಬರೋ ಕಡೆ 5.5. 11 ಕೆವಿ (ಹೆಚ್ಚು ವೋಲ್ಟೇಜಿನ) ಲೈನಿನ ಹತ್ತರ ಕಟ್ಟಲೇಬ್ಯಾಡ್ರಿ. ಯುಗಾದಿಗೆ ಕಟ್ಟಿ ಮಿರ್ಗ (ಜೂನ್‌ನ ಮೃಗಶಿರಾ) ಮಳಿ ಬರೋದ್ರೊಳಗ ಬಿಚ್ಚಿ ಮಡಿಚಿ ಇಟ್ರ ಮೂರ್ನಾಕು ವರ್ಷ ಬಾಳಿಕಿ ಬರ್ತದ.

ತಗಡು ಹಾಕೋರಿಗೆ ಒಂದು ಮಾತು. ಬಿಸಿಲಿಗೆ ಕಾದ ತಗಡು ತಾನೇ ಒಲಿ ಆಗಿ ಕೆಳಗ ಸುಡ್ತದ. ಮ್ಯಾಲ ಸುಣ್ಣ, ಕೆಳಗ ಒಂದು ಗೇಣು ಬಿಟ್ಟು ಬಿದಿರ ತಟ್ಟಿ ಕಟ್ರಿ. ಸ್ಟೀಲ್ ಬೆಂಚಿನ ಬಸ್ ನಿಲ್ದಾಣ ಯಾರು ಹುಡುಕಿದರೋ, ಮೇ ತಿಂಗಳು ಮಧ್ಯಾಹ್ನ ಅದರ ಮ್ಯಾಲ ಕೂತು ನೋಡ್ಬೇಕು ಅವರು.

ಮತ್ತ ಬಂಡಿ ವ್ಯಾಪಾರಸ್ಥರನ್ನ ಎಬ್ಬಿಸಿ ಫುಟ್‌ಪಾತ್ ಮಾಡಬ್ಯಾಡ್ರಿ. ಅವರ ಛತ್ರಿನೂ ನೆರಳೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಮುಂದಿಟ್ಟು ಗಿಡದ ಪಟ್ಟಿಯೊಳಗೇ ಜಾಗ ಗುರುತು ಹಾಕ್ರಿ, 1.8 ಮೀಟರ್ ನಡಿಗಿ ಖಾಲಿ ಉಳೀತದ.

ಬ್ರಹ್ಮಪುರ_ಓಣಿ

ಎಲ್ಲಾ ಬರ್ಕೊಂಡೆ. ಉಳಿದದ್ದು ಎರಡು. ರಸ್ತೆ ನೀರು ಗಿಡದ ಪಟ್ಟಿಗೆ ಬಿಡಬಹುದೇನು? ಮತ್ತ ನೀರು ಹಾಕೋರು ಯಾರು, ಎಷ್ಟು?

ಎರಿಮಣ್ಣು

ರಸ್ತೆಯ ಮಳೆನೀರು ಬಿಡಬಹುದು, ಗಟಾರದ್ದು ಬೇಡ. 4.2 ಮೀಟರ್ ಸಿಸಿಗೆ ಒಂದೇ ಕಡೆ ಇಳಿಜಾರು ಕೊಡಿ, 105 ಮಿಮೀ. ಗಿಡದ ಪಟ್ಟಿಯ ಕರ್ಬಿನಲ್ಲಿ ಪ್ರತಿ ಗಿಡಕ್ಕೂ 300 ಮಿಮೀ ಬಾಯಿ. ಪಟ್ಟಿಯ ಮಣ್ಣು ರಸ್ತೆಗಿಂತ 100 ಮಿಮೀ ತಗ್ಗಿರಲಿ, ತುಂಬಿದ ಮೇಲೆ ಹೆಚ್ಚಿನದು ಗಟಾರಕ್ಕೆ ಹೋಗುವ ತೂತು ಇರಲಿ. ಆ ತೂತು ಮರೆತರೆ ಮತ್ತದೇ ನೀರಿನ ತೊಟ್ಟಿ. ಬಾಯಿಯ ಹಿಂದೆ ಒಂದಡಿ ಚೌಕ ಫರಸಿ ಹಾಸಿದರೆ ಕಸ, ಹೂಳು ಅಲ್ಲೇ ನಿಲ್ಲುತ್ತದೆ, ಸಲಿಕೆಯಿಂದ ಎತ್ತಬಹುದು.

ಇನ್ನೊಂದು, ಹಳೇ ರಸ್ತೆ ಕಿತ್ತು ತೆಗೆದ ಮೇಲೇ ಹೊಸ ಸಿಸಿ ಬೀಳಬೇಕು. ಮೇಲೆ ಮೇಲೆ ಹಾಕಿದರೆ ಹೊಸಿಲು ತಗ್ಗಾಗಿ ಮಳೆನೀರು ಮನೆಯೊಳಗೆ.

ಗಿಡಗಂಟಿ

ನೀರಿನ ಲೆಕ್ಕ ನಾ ಹೇಳ್ತೀನಿ. 240 ಮೀಟರಿಗೆ 6 ಮೀಟರ್ ಅಂತರ ಅಂದ್ರ 40. ಗೇಟು, ಕಂಬ, ತಿರುವು ಕಳೆದ್ರ 30 ಗಿಡ ಕೂಡ್ತಾವ. ಗಸಗಸೆ ಗಿಡ ಈ ಲೆಕ್ಕದಾಗ ಇಲ್ಲ. ಮೊದಲ ವರ್ಷ ಫೆಬ್ರವರಿ ನಡುವಿಂದ ಮಿರ್ಗದ ತನಕ ವಾರಕ್ಕ ಎರಡು ಸಲ, ಗಿಡಕ್ಕ 20 ಲೀಟರ್. ವಾರಕ್ಕ 1,200 ಲೀಟರ್, 16 ವಾರಕ್ಕ 19,200. ಅಂದ್ರ 5,000 ಲೀಟರಿನ ಟ್ಯಾಂಕರ್ ನಾಲ್ಕು. ದಿನಾ ಒಂದು ಚರಗಿ ಹಾಕೋದು ಬ್ಯಾಡ. ಮ್ಯಾಲ ಒದ್ದಿ ಆಗಿ ಬೇರು ಮ್ಯಾಲೇ ಬರ್ತಾವ. ಹಚ್ಚುವಾಗಲೇ ಬುಡದ ಮಗ್ಗುಲಿಗೆ 75 ಮಿಮೀ ಪಿವಿಸಿ ಪೈಪು, ಎರಡಡಿ ಉದ್ದ, ಕೆಳಗಿನ ಅರ್ಧಕ್ಕ ತೂತು ಕೊರೆದು ನೆಟ್ಟಗ ಹೂಳ್ರಿ, ಜಲ್ಲಿ ತುಂಬ್ರಿ. ನೀರು ಅದರೊಳಗ. ಎರಡನೇ ವರ್ಷ ವಾರಕ್ಕೊಮ್ಮೆ 40 ಲೀಟರ್, ಮೂರನೇ ವರ್ಷ ಹದಿನೈದು ದಿನಕ್ಕೊಮ್ಮೆ.

ಬಚ್ಚಲ ನೀರು ನಡೀತದ. ಆರ್‌ಒ ಮಶೀನಿಂದ ಹೊರಗ ಬೀಳೋ ನೀರು ಅಷ್ಟೇ ಹಾಕಬ್ಯಾಡ್ರಿ, ಎರಿಯೊಳಗ ಉಪ್ಪು ಕೂಡ್ತದ. ಬ್ಯಾರೆ ನೀರಿನ ಜೋಡಿ ಬೆರೆಸ್ರಿ.

ಬುಡಕ್ಕ ಮುಚ್ಚಲಿಕ್ಕೆ ತೊಗರಿ ಹೊಟ್ಟು ಹಾಕಂತಾರ, ಅದು ದನದ ಮೇವು, ಸಂಜಿಗೆ ಇರಂಗಿಲ್ಲ. ತೊಗರಿ ಕಟ್ಟಿಗಿ ಕಡಿದು ನಾಲ್ಕು ಬೆರಳು ದಪ್ಪ ಹರವ್ರಿ, ಕಾಂಡದಿಂದ ಒಂದು ಗೇಣು ದೂರ, ಇಲ್ಲಾಂದ್ರ ಗೆದ್ದಲು ಅಲ್ಲಿಂದ ಗಿಡಕ್ಕೇ ಏರ್ತದ. ಆಡಿಗೆ ಬೇಲಿ ಐದಡಿ ಬೇಕು. ಕಬ್ಬಿಣದ ಗಾರ್ಡು ಹಾಕಿದ್ರ ನಾಲ್ಕನೇ ವರ್ಷ ತೆಗೆಯೋದನ್ನ ಮರೀಬ್ಯಾಡ್ರಿ, ರಿಂಗು ತೊಗಟಿಯೊಳಗ ಹೂತು ಗಿಡದ ಕುತ್ತಿಗಿ ಹಿಚುಕ್ತದ. ಕೆಳಗಿನ ಕೊಂಬಿ ಮೊದಲೆರಡು ವರ್ಷ ಮುಟ್ಟಬ್ಯಾಡ್ರಿ, ಕಾಂಡ ದಪ್ಪ ಆಗೋದು ಅವುಗಳಿಂದ. ಆಮೇಲೆ ವರ್ಷಕ್ಕ ಎರಡು ಕೊಂಬಿಯಂಗ ತೆಗೀತಾ ಫುಟ್‌ಪಾತ್ ಕಡೆ 2.2 ಮೀಟರ್, ರಸ್ತೆ ಕಡೆ 4.5 ಮೀಟರ್ ಎತ್ತರಕ್ಕ ತರ್ರಿ.

ಯಾರು ಅಂದ್ರ: ಎಸ್ಟಿಮೇಟ್ ಒಳಗ "3 ವರ್ಷ ನಿರ್ವಹಣೆ, ಸತ್ತ ಗಿಡ ಬದಲಿ ಸಮೇತ" ಅಂತ ಬ್ಯಾರೆ ಐಟಂ. ದುಡ್ಡು ಪಾಲಿಕೆಯದಿರ್ಲಿ, ಕೆಕೆಆರ್‌ಡಿಬಿಯದಿರ್ಲಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ), ಆ ಸಾಲು ಇಲ್ಲದ ಕಾಮಗಾರಿಯ ಗಿಡ ಬಿಲ್ ಪಾಸಾದ ದಿನದ ತನಕ ಅಷ್ಟೇ. ಬಿಲ್ಲನ್ನೂ ಗಿಡ ಹಚ್ಚಿದ ಸಂಖ್ಯೆಗೆ ಕಟ್ಟಬ್ಯಾಡ್ರಿ, ಪ್ರತಿ ಜೂನ್ ಕಡೀಗೆ ಜೀವಂತ ಇರೋ ಸಂಖ್ಯೆಗೆ ಕಟ್ರಿ.

ಬ್ರಹ್ಮಪುರ_ಓಣಿ

ಎಬಿ ಕೇಬಲಿಗೆ ಬ್ಯಾರೆ ಅರ್ಜಿ ಕೊಡಬೇಕೋ, ಇದೇ ಎಸ್ಟಿಮೇಟ್‌ನಾಗ ಸೇರಿಸಬೇಕೋ?

ಸಿಸಿ_ಕಾಮಗಾರಿ

ಬ್ಯಾರೆ. ವಿದ್ಯುತ್ ಕೆಲಸ ಸಿವಿಲ್ ಎಸ್ಟಿಮೇಟ್ ಒಳಗ ತುರುಕಿದ್ರ ಎರಡೂ ನಿಲ್ತಾವ. ಮೊದಲು ಲೈನಿನ ಅರ್ಜಿ, 9 ಕಂಬದ ಜಾಗ ಗುರುತು ಹಾಕಿದ ನಕ್ಷೆ ಜೋಡಿ. ಆಗ್ತದೋ ಇಲ್ಲೋ ಅನ್ನೋದು ಲಿಖಿತವಾಗಿ ಬಂದ ಮ್ಯಾಲೇ ಗಿಡದ ಪಟ್ಟಿ ಉತ್ತರಕ್ಕೋ ದಕ್ಷಿಣಕ್ಕೋ ಅಂತ ಸಿವಿಲ್ ನಕ್ಷೆಯೊಳಗ ಗೆರೆ ಎಳೀರಿ. ತಗ್ಗು ಮಾತ್ರ ಏಪ್ರಿಲ್‌ನಾಗೇ ತೋಡಿಸ್ರಿ. ಮಳಿ ಬಿದ್ದ ಮ್ಯಾಲ ಎರಿಯೊಳಗ ಗುದ್ದಲಿ ಇಳಿಸಿದ್ರ ಮೇಲೆತ್ತಲಿಕ್ಕೆ ಇಬ್ಬರು ಬೇಕು.